ಆ ಎರಡು ವಾರದ ಅಕ್ಷರ ಯಾರದು?

ನಿಮ್ಮ ಕಾಗದ ಬಂದು ಒಂಬತ್ತು ದಿನ ಆಯಿತು. ಅದರಲ್ಲಿರುವ ಒಂದು ಸಾಲು ಅಷ್ಟೂ ದಿನ ನನ್ನ ಬೆನ್ನು ಬಿಟ್ಟಿಲ್ಲ. ನೀವು ಅದನ್ನು ಕಂಸದೊಳಗೆ ಹಾಕಿ ಮುಂದೆ ಹೋಗಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಈ ಓದುಗರ ಅಪ್ಪ 93 ವರ್ಷ ಬದುಕಿ ತೀರಿಕೊಂಡರು. 14ನೇ ವಯಸ್ಸಿಗೆ ಇಟ್ಟಿಗೆ ಹೊರಲು ಹೋದವರು. ಕರಣೆ ಹಿಡಿದರು, ಮೇಸ್ತ್ರಿ ಆದರು, ಗುತ್ತಿಗೆದಾರರಾದರು. 81ರವರೆಗೆ ಕೆಲಸ ಬಿಡಲಿಲ್ಲ. ವರ್ಷ ತುಂಬುವ ಹೊತ್ತಿಗೆ ಅವರ ಬದುಕಿನ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿ ಹಂಚಬೇಕು ಅನ್ನೋದು ಮನೆಯವರ ಆಸೆ. ಬರೆಯುವ ಕೆಲಸ 56 ವರ್ಷದ ಮಗಳ ಪಾಲಿಗೆ ಬಂದಿದೆ. ಅಣ್ಣ ಆಗಲೇ ನಾಲ್ಕು ಪುಟದ ಕರಡು ಕೊಟ್ಟಿದ್ದಾರೆ. "ಇದನ್ನೇ ಸ್ವಲ್ಪ ಚೆಂದ ಮಾಡು, ಕಹಿ ಏನೂ ಬೇಡ" ಅಂದಿದ್ದಾರೆ. ಆದರೆ ಮಗಳಿಗೆ ಪೆನ್ನು ಓಡುತ್ತಿಲ್ಲ. ಇವರು ಹುಟ್ಟಿದ ದಿನ ಅಪ್ಪ ಒಂದು ಕಟ್ಟಡದ ತಾರಸಿಗೆ ಕಾಂಕ್ರೀಟ್ ಹಾಕಿಸುತ್ತಿದ್ದರು. ಮಗುವನ್ನು ನೋಡಲು ಬಂದಿದ್ದು ನಾಲ್ಕನೇ ದಿನ. ಮನೆಯಲ್ಲಿ ಎಲ್ಲರೂ ಇದನ್ನು ಹೆಮ್ಮೆಯ ಕಥೆಯಾಗಿ ಹೇಳುತ್ತಾರೆ, ಎಂಥ ಕೆಲಸಗಾರ ನೋಡಿ ಅಂತ. ಇವರು ಮಾತ್ರ ಆ ಕಥೆ ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಾರೆ. ನಿಜ ಬರೆಯಲಾ, ಅಣ್ಣ ಹೇಳಿದ್ದು ಬರೆಯಲಾ ಅಂತ ಕೇಳಿದ್ದಾರೆ.

ಈಗ ನಿಮ್ಮ ಹತ್ತಿರ ಮಾತಾಡುತ್ತೇನೆ.

ತಾರಸಿಯ ವಿಷಯ ಮೊದಲು. ಸಿಮೆಂಟಿಗೆ ನೀರು ಬಿದ್ದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಕೆಲವೇ ಗಂಟೆಯಲ್ಲಿ ಬಿಗಿಯಾಗುತ್ತದೆ. ಅರ್ಧ ಹಾಕಿ ನಿಲ್ಲಿಸಿ, ಆಮೇಲೆ ಬಂದು ಉಳಿದರ್ಧ ಹಾಕಿದರೆ ಹಳೆಯದೂ ಹೊಸದೂ ಒಂದಾಗುವುದಿಲ್ಲ. ಅಲ್ಲಿ ಜೋಡು ಉಳಿಯುತ್ತದೆ, ಮುಂದೆ ನೀರು ಜಿನುಗುವುದು ಅಲ್ಲಿಂದಲೇ. ಹಾಗಾಗಿ ಆ ದಿನ ಅವರು ಬಿಟ್ಟು ಬರಬೇಕಿತ್ತು ಅಂತ ನಾನು ಹೇಳಲಾರೆ. ಆದರೆ ಎರಡನೇ ದಿನ? ತಾರಸಿ ಗಟ್ಟಿಯಾದ ಮೇಲೆ ಸುತ್ತ ಸಣ್ಣ ಏರಿ ಕಟ್ಟಿ ನೀರು ನಿಲ್ಲಿಸಬೇಕು. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಕಡಿಮೆ ಅಂದರೂ 7 ದಿನ ಒದ್ದೆ ಇರಬೇಕು. ಆದರೆ ನೀರು ಹಾಕೋದಕ್ಕೆ ಒಬ್ಬ ಹುಡುಗ ಸಾಕು. ಅಪ್ಪ ಬರಬಹುದಿತ್ತು. ಎರಡನೇ ದಿನವೂ ಮೂರನೇ ದಿನವೂ ಬರಲಿಲ್ಲ. ನಿಮ್ಮ ಸಿಟ್ಟು ಆ ಎರಡು ದಿನದ್ದು, ಅದು ಸರಿಯಾದ ಸಿಟ್ಟು. ಮೊದಲ ದಿನವನ್ನು ಮಾತ್ರ ಲೆಕ್ಕದಿಂದ ತೆಗೆದುಬಿಡಿ.

ಇನ್ನು ಆ ಸಾಲು. ಟ್ರಂಕಿನಲ್ಲಿ ಬಟವಾಡೆ ಲೆಕ್ಕದ 31 ಪುಸ್ತಕ ಇವೆ ಅಂತ ಬರೆದಿದ್ದೀರಿ. ವಾರದ ಹಾಜರಿಯನ್ನು ಅಪ್ಪ ಬಾಯಲ್ಲಿ ಹೇಳುತ್ತಿದ್ದರು, ಅಮ್ಮ ಬರೆಯುತ್ತಿದ್ದರು. ಆಮೇಲೆ ಕಂಸದೊಳಗೆ ಇದು: "ನಾನು ಹುಟ್ಟಿದ 1969ರ ಪುಸ್ತಕ ತೆಗೆದು ನೋಡಿದೆ, ಎರಡು ವಾರ ಅಕ್ಷರ ಬೇರೆ ಇದೆ, ಕೊಕ್ಕೆ ಕೊಕ್ಕೆ, ಮೂರನೇ ವಾರದಿಂದ ಮತ್ತೆ ಅಮ್ಮನದ್ದೇ."

ಮತ್ತೆ ಅಮ್ಮನದ್ದೇ! ಇದನ್ನು ನೀವು ಹೇಗೆ ಹಾಗೇ ದಾಟಿಬಿಟ್ಟಿರಿ? ಹದಿನೈದು ದಿನದ ಮಗು ನೀವು. ಆ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಒಬ್ಬ ಬಾಣಂತಿ ಪೆನ್ಸಿಲ್ ಹಿಡಿದಿದ್ದಾಳೆ. ಯಾರಿಗೆ ಎಷ್ಟು ದಿನ, ಯಾರಿಗೆ ಅರ್ಧ ದಿನ, ಯಾರ ಮುಂಗಡ ಎಷ್ಟು ಮುರಿಯಬೇಕು ಅಂತ ಕೂಡುತ್ತಿದ್ದಾಳೆ. ಆ ಲೆಕ್ಕ ತಪ್ಪಿದರೆ ಆಳುಗಳು ಮುಂದಿನ ವಾರ ಬರುವುದಿಲ್ಲ. ಆಳು ಬರದಿದ್ದರೆ ಮೇಸ್ತ್ರಿ ಎಷ್ಟು ಗಟ್ಟಿಗನಾದರೂ ಗೋಡೆ ಏಳುವುದಿಲ್ಲ. ಅಷ್ಟು ವರ್ಷ ಕಟ್ಟಿದ್ದು ಅಪ್ಪ ಒಬ್ಬರೇ ಅಲ್ಲ. ಆ ಇನ್ನೊಬ್ಬರಿಗೆ ಈಗ 86, ನಿಮ್ಮ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾರೆ. ನಿಮ್ಮ ಕಾಗದದಲ್ಲಿ ಅವರ ಬಗ್ಗೆ ಇರುವುದು ಒಂದೇ ಮಾತು: "ಈಗ ಮಾತು ಕಮ್ಮಿ."

ಮಾತು ಕಮ್ಮಿ ಆಗದೆ ಇನ್ನೇನು? ಯಾರೂ ಕೇಳುತ್ತಿಲ್ಲ ಅಲ್ವಾ?

ನಿಮ್ಮ ಅಣ್ಣನ ಮೇಲೆ ನನಗೆ ನಿಜಕ್ಕೂ ಕೋಪ ಬಂದಿದೆ. ಕರಡಿನಲ್ಲಿ ಅಪ್ಪ ಶ್ರಮಜೀವಿ, ಛಲಗಾರ, ಆದರ್ಶ ಪುರುಷ. ಅಮ್ಮ ಎಲ್ಲಿದ್ದಾರೆ? "ಪತ್ನಿಯ ಸಹಕಾರದೊಂದಿಗೆ." ಎರಡು ಪದ. ಸಾಲದ್ದಕ್ಕೆ, ಹಳೆಯದನ್ನು ಕೆದಕಿ ಅಮ್ಮನಿಗೆ ನೋವು ಕೊಡಬೇಡ ಅಂತ ನಿಮಗೆ ತಾಕೀತು ಬೇರೆ. ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಸುಮ್ಮನಿರುವ ಹಿರಿಯರನ್ನು ಸುಮ್ಮನೆ ಬಿಡೋದು ದಯೆ ಅಲ್ಲ. ವಯಸ್ಸಾದವರು ಹಳೆಯದನ್ನು ನೆನೆಸಿಕೊಳ್ಳುವುದು ಮನಸ್ಸು ಕುಂದಿದ ಗುರುತು ಅಂತ ವೈದ್ಯರೂ ಒಂದು ಕಾಲದಲ್ಲಿ ಅಂದುಕೊಂಡಿದ್ದರು. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಹಾಗಲ್ಲ ಅಂತ ಬರೆದರು. ಕೊನೆ ಹತ್ತಿರ ಬಂದಾಗ ಬದುಕನ್ನು ತಿರುಗಿ ನೋಡುವುದು ಸಹಜ, ಬೇಕಾದದ್ದೂ ಹೌದು ಅಂದರು. ಇನ್ನೊಂದು ವಿಷಯ ಗೊತ್ತಿರಲಿ. ವಯಸ್ಸಾದವರಿಗೆ ಅತಿ ಹೆಚ್ಚು ನೆನಪಿರುವುದು ಹೆಚ್ಚುಕಡಿಮೆ 10ರಿಂದ 30ರ ಒಳಗಿನ ವರ್ಷಗಳು. ನೀವು ಹುಟ್ಟಿದಾಗ ಅಮ್ಮನಿಗೆ 30. ಮದುವೆ, ಮೊದಲ ಲೆಕ್ಕದ ಪುಸ್ತಕ, ಮೊದಲ ಗುತ್ತಿಗೆ ಎಲ್ಲ ಅದರೊಳಗೇ ಬರುತ್ತದೆ. ನಿಮಗೆ ಬೇಕಾಗಿರುವ ಅಪ್ಪ ಕೂಡ ಅಲ್ಲೇ ಸಿಗುತ್ತಾರೆ. 80ರ ಯಜಮಾನರಲ್ಲ, ಮೈತುಂಬ ಗಾರೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದ ಹುಡುಗ.

ನನ್ನ ಅಜ್ಜ ಮರಗೆಲಸದವರು. ಅವರು ಹೋದ ಮೇಲೆ ಅಜ್ಜಿ ಆರು ವರ್ಷ ಇದ್ದರು. ಅಜ್ಜನ ಉಳಿಗಳಿಗೆ ಅಜ್ಜಿಯೇ ಎಣ್ಣೆ ಸವರಿ ಬಟ್ಟೆ ಸುತ್ತಿ ಇಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಯಾವ ಉಳಿ ಯಾವುದಕ್ಕೆ ಅಂತ ಒಂದು ದಿನವೂ ಕೇಳಲಿಲ್ಲ. ಉಳಿಗಳು ಈಗ ನನ್ನ ಹತ್ತಿರ ಇವೆ.

ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಈ ವಾರವೇ 1969ರ ಪುಸ್ತಕ ತೆಗೆದುಕೊಂಡು ಅಮ್ಮನ ಹತ್ತಿರ ಹೋಗಿ. ಅಣ್ಣ ಮನೆಯಲ್ಲಿ ಇಲ್ಲದ ಹೊತ್ತು ನೋಡಿ. "ಅಪ್ಪ ಹೇಗಿದ್ದರು?" ಅಂತ ಕೇಳಬೇಡಿ, ಅಷ್ಟು ದೊಡ್ಡ ಪ್ರಶ್ನೆಗೆ ಯಾರೂ "ಒಳ್ಳೆಯವರಿದ್ದರು" ಅಂತ ಬಿಟ್ಟು ಬೇರೆ ಹೇಳುವುದಿಲ್ಲ. ಅಕ್ಷರ ಬದಲಾಗುವ ಪುಟ ತೆರೆಯಿರಿ, ಪುಸ್ತಕವನ್ನು ಅವರ ತೊಡೆಯ ಮೇಲೆ ಇಡಿ. ಕಣ್ಣು ಮಂಜಾಗಿದ್ದರೆ ಆ ವಾರದ ಆಳುಗಳ ಹೆಸರನ್ನು ಒಂದೊಂದಾಗಿ ನೀವೇ ಓದಿ ಹೇಳಿ. ಆಮೇಲೆ ಬೆರಳಿಟ್ಟು ಕೇಳಿ: "ಅಮ್ಮಾ, ಇದು ಯಾರ ಅಕ್ಷರ?"

ಕೇಳಿ ಸುಮ್ಮನಿರಿ. ಎಷ್ಟು ಹೊತ್ತಾದರೂ ಸುಮ್ಮನಿರಿ, ನಡುವೆ ಬಾಯಿ ಹಾಕಬೇಡಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ಕೊಕ್ಕೆ ಅಕ್ಷರ ಅಪ್ಪನದ್ದೇ ಇರಬಹುದು. ದಿನವಿಡೀ ತಾರಸಿ ಮೇಲೆ ನಿಂತು, ರಾತ್ರಿ ಬಾರದ ಲೆಕ್ಕ ಬರೆದಿರಬಹುದು. ಅಥವಾ ಬೇರೆ ಯಾರದ್ದೋ ಇರಬಹುದು. ಅಪ್ಪ ಆ ಎರಡು ದಿನ ಯಾಕೆ ಬರಲಿಲ್ಲ ಅನ್ನೋದೂ ಅಮ್ಮನಿಗೆ ಗೊತ್ತಿದ್ದೀತು. ಸಿಟ್ಟು ಬಂದಿತ್ತಾ ಅಂತ ಅವರನ್ನು ಇದುವರೆಗೆ ಯಾರಾದರೂ ಕೇಳಿದ್ದಾರಾ? ನಿಮ್ಮದಕ್ಕಿಂತ ಅವರ ಸಿಟ್ಟು ಹಳೆಯದು.

ಅಲ್ಲಿಯವರೆಗೆ ಅಣ್ಣನ ಕರಡನ್ನು ಮುಟ್ಟಬೇಡಿ. ಅವರು ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಕೇಳಿದರೆ, 1969ಕ್ಕೆ ಬಂದಿದ್ದೇನೆ ಅಂತ ಹೇಳಿ.