ಜಿಪ್ಸಿಗೆ ದೊಡ್ಡ ಟ್ಯಾಂಕ್ ಕೂರಿಸಬಹುದೇ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಬಳಿ ಹಳೆಯ ಮಾರುತಿ ಜಿಪ್ಸಿ ಇದೆ. ಕಂಪನಿಯ ಟ್ಯಾಂಕ್ 40 ಲೀಟರಿನದು. ಚಿಂಚೋಳಿ ಕಡೆಯ ಕಾಡುದಾರಿಗಳಲ್ಲಿ ಓಡಾಡುತ್ತೇನೆ. ಮುಂದಿನ ವರ್ಷ ಗೆಳೆಯರ ಜೊತೆ ಲಡಾಖ್‌ಗೆ ಹೋಗುವ ಯೋಚನೆಯೂ ಇದೆ. ಹುಮನಾಬಾದ್ ರಸ್ತೆಯ ವೆಲ್ಡಿಂಗ್ ಅಂಗಡಿಯವರೊಬ್ಬರು ಜಿ.ಐ. ಪತ್ರಾದಲ್ಲಿ 90 ಲೀಟರಿನ ಟ್ಯಾಂಕ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಬಹುದೇ? ಮಾಡಿಸಿದರೆ ಏನೇನು ಗಮನಿಸಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಜಿ.ಐ. ಪತ್ರಾ ಬೇಡವೇ ಬೇಡ. ಉಳಿದ ಮಾತು ಆಮೇಲೆ. ಜಿ.ಐ. ಎಂದರೆ ಸತುವಿನ ಲೇಪವಿರುವ ಕಬ್ಬಿಣದ ತಗಡು. ನೀರಿನ ತೊಟ್ಟಿಗೆ, ಮನೆಯ ಛಾವಣಿಗೆ ಅದು ಒಳ್ಳೆಯದೇ. ಆದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಂಡು ಸತುವಿನ ಲೇಪವನ್ನು ತಿನ್ನುತ್ತದೆ. ಕಿತ್ತು ಬಂದ ಬಿಳಿ ಪುಡಿ ಮೊದಲು ಫಿಲ್ಟರ್‌ನಲ್ಲಿ, ಬಳಿಕ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ನಲ್ಲಿ ಹೋಗಿ ಕೂರುತ್ತದೆ. ಡೀಸೆಲ್ ಗಾಡಿಗೂ ಜಿ.ಐ. ಸಲ್ಲದು, ಅಲ್ಲಿ ಸತು ಡೀಸೆಲ್‌ನೊಂದಿಗೆ ಸೇರಿ ಸಾಬೂನಿನಂಥ ಅಂಟಾಗುತ್ತದೆ. ಮಾಡಿಸುವುದೇ ಆದರೆ ಒಂದೂವರೆ ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಆರಿಸಿ, ಟಿಗ್ ವೆಲ್ಡಿಂಗ್‌ನಲ್ಲಿ (ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ಬೆಸುಗೆ) ಕೈ ಪಳಗಿದವರಿಂದಲೇ ಮಾಡಿಸಿ. ಹಳೆಯ ಗಾಡಿಯ ರಬ್ಬರ್ ಪೈಪ್‌ಗಳೂ ಎಥೆನಾಲ್‌ಗೆ ಹೊಂದುವಂಥವಲ್ಲವಾದ್ದರಿಂದ ಅವನ್ನೂ ಅದೇ ಸಮಯಕ್ಕೆ ಬದಲಿಸಿಬಿಡುವುದು ಒಳ್ಳೆಯದು.

ಇನ್ನು ಅಳತೆ. 90 ಸೆಂ.ಮೀ. ಉದ್ದ, 40 ಅಗಲ, 25 ಎತ್ತರದ ಪೆಟ್ಟಿಗೆ ಲೆಕ್ಕಕ್ಕೆ 90 ಲೀಟರ್ ಆಗುತ್ತದೆ, ಆದರೆ ಅದರಲ್ಲಿ 80ಕ್ಕಿಂತ ಹೆಚ್ಚು ತುಂಬಿಸಲು ಹೋಗಬಾರದು. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಬಂಕ್‌ನವರ ನೆಲದಡಿಯ ಟ್ಯಾಂಕಿನಿಂದ ತಂಪಾಗಿ ಬಂದ 80 ಲೀಟರ್, ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಹದಿನೈದು ಡಿಗ್ರಿ ಕಾದರೆ ಒಂದು ಲೀಟರ್‌ಗಿಂತ ಹೆಚ್ಚೇ ಹಿಗ್ಗುತ್ತದೆ. ಮೇಲೆ ಜಾಗ ಬಿಡದಿದ್ದರೆ ಅಷ್ಟೂ ಹೊರಗೆ ಹರಿಯುತ್ತದೆ; ಕೆಳಗೆ ಬಿಸಿ ಸೈಲೆನ್ಸರ್ ಇದ್ದರೆ ಮುಂದಿನದನ್ನು ನಾವು ಹೇಳಬೇಕಾಗಿಲ್ಲ. ಆದ್ದರಿಂದ ಪೆಟ್ರೋಲ್ ಹಾಕುವ ಕೊಳವೆಯನ್ನು ಟ್ಯಾಂಕಿನ ನೆತ್ತಿಗಿಂತ ಸ್ವಲ್ಪ ಕೆಳಗೆ ಕೂಡಿಸಿ, ಬಾಯಿವರೆಗೆ ತುಂಬಿಸಿದರೂ ಮೇಲೆ ಗಾಳಿಗೆ ಜಾಗ ಉಳಿಯುವಂತೆ ಮಾಡಿಸಬೇಕು.

ಅಂಗಡಿಯವರು ಸಾಮಾನ್ಯವಾಗಿ ಮರೆಯುವುದು ಒಳಗಿನ ಅಡ್ಡತಗಡುಗಳನ್ನು. 90 ಸೆಂ.ಮೀ. ಉದ್ದದ ಟ್ಯಾಂಕಿನೊಳಗೆ ಎರಡು ಮೂರು ಅಡ್ಡತಗಡುಗಳಾದರೂ ಇರಬೇಕು, ಪೆಟ್ರೋಲ್ ಹರಿಯಲು ಅವುಗಳ ಕೆಳಮೂಲೆಗಳನ್ನೂ ಗಾಳಿ ಹಾಯಲು ಮೇಲ್ಮೂಲೆಗಳನ್ನೂ ಕತ್ತರಿಸಿರಬೇಕು. ಇವಿಲ್ಲದಿದ್ದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ಮೂವತ್ತು ಕೆ.ಜಿ. ಪೆಟ್ರೋಲ್ ತಿರುವಿಗೊಮ್ಮೆ ಒಂದು ಬದಿಗೆ ಅಪ್ಪಳಿಸುತ್ತಾ ವೆಲ್ಡಿಂಗ್ ಬಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಜೆಕ್ಷನ್ ಗಾಡಿಗಳಲ್ಲಿ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇದ್ದು ಸುತ್ತಲಿನ ಪೆಟ್ರೋಲ್‌ನಿಂದಲೇ ತಣ್ಣಗಾಗುತ್ತದೆ. ಏರಿನಲ್ಲಿ ಪೆಟ್ರೋಲ್ ಪಂಪ್‌ನಿಂದ ದೂರ ಸರಿದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಪಂಪ್ ಕಾದು ಸುಡುತ್ತದೆ. ಪಂಪ್ ಕೂರುವ ಜಾಗವನ್ನು ತುಸು ತಗ್ಗಿಸಿ, ಸುತ್ತಲೂ ಸಣ್ಣ ಪೆಟ್ಟಿಗೆಯಂತೆ ತಡೆ ಕಟ್ಟಿಸುವುದು ಇದಕ್ಕೇ.

ಬ್ರೀದರ್ ಪೈಪ್, ಅಂದರೆ ಟ್ಯಾಂಕಿಗೆ ಗಾಳಿಯಾಡಿಸುವ ಕೊಳವೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಬೀದರಿನ ಕೆಂಪು ದೂಳೋ ನಮ್ಮ ಎರೆಮಣ್ಣೋ ಬ್ರೀದರ್‌ನ ಬಾಯಿ ಮುಚ್ಚಿದರೆ ಒಳಗೆ ನಿರ್ವಾತ ಉಂಟಾಗಿ ಗಾಡಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಕ್ಯಾಪ್ ಬಿಚ್ಚಿದಾಗ ಉಸ್ಸೆಂದು ಗಾಳಿ ಒಳನುಗ್ಗಿ, ಬಳಿಕ ಗಾಡಿ ಏನೂ ಆಗದಂತೆ ಸ್ಟಾರ್ಟ್ ಆದರೆ ದೋಷ ಬ್ರೀದರ್‌ನಲ್ಲಿಯೇ ಇದೆ. ಎಷ್ಟೋ ಜನ ಇದನ್ನು ತಿಳಿಯದೆ ಪಂಪ್ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಈ ಪೈಪಿನ ತುದಿ ಪೆಟ್ರೋಲ್ ಹಾಕುವ ಬಾಯಿಗಿಂತ ಎತ್ತರದಲ್ಲಿರಬೇಕು. ಕಾಗಿಣಾದಂಥ ಹೊಳೆಯ ನೀರಿನಲ್ಲಿ ಗಾಡಿ ಇಳಿಸುವವರಿಗೆ ಇದು ಇನ್ನೂ ಅಗತ್ಯ. ಗಾಡಿ ಮಗುಚಿದಾಗ ತಾನಾಗಿ ಮುಚ್ಚಿಕೊಳ್ಳುವ ಕವಾಟವನ್ನೂ ಇದರಲ್ಲಿ ಹಾಕಿಸಿ. ಗಾಡಿಗೆ ಆವಿ ಹೀರುವ ಇದ್ದಿಲ ಡಬ್ಬಿ ಇದ್ದರೆ ಅದರ ಪೈಪನ್ನು ಹೊಸ ಟ್ಯಾಂಕಿಗೂ ಜೋಡಿಸಬೇಕು, ಬೋಲ್ಟ್ ಹಾಕಿ ಮುಚ್ಚಬಾರದು.

ಟ್ಯಾಂಕನ್ನು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ನೇರವಾಗಿ ವೆಲ್ಡ್ ಮಾಡಿಸಬೇಡಿ. ಹಳ್ಳ ದಿಣ್ಣೆಗಳಲ್ಲಿ ಚಾಸಿ ತಿರುಚುತ್ತದೆ, ಅದರೊಂದಿಗೆ ಟ್ಯಾಂಕಿನ ಮೂಲೆಯೂ ಸೀಳುತ್ತದೆ. ಅಗಲವಾದ ಪಟ್ಟಿ, ನಡುವೆ ದಪ್ಪ ರಬ್ಬರ್, ಅಷ್ಟು ಸಾಕು. ಕಲ್ಲೇಟಿಗೆ ಕೆಳಗೆ 3 ಮಿ.ಮೀ. ಸ್ಕಿಡ್ ಪ್ಲೇಟ್ ಬೇಕು ನಿಜ, ಆದರೆ ಅದರಲ್ಲಿ ತೂತುಗಳಿರಲಿ: ಮಳೆಗಾಲದಲ್ಲಿ ಎರೆಮಣ್ಣು ಪ್ಲೇಟಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡರೆ ವಾರಗಟ್ಟಲೆ ಒಣಗುವುದಿಲ್ಲ. ಭಾರದ ಲೆಕ್ಕವನ್ನೂ ಹಾಕಿಕೊಳ್ಳಿ. ಹೆಚ್ಚುವರಿ 40 ಲೀಟರ್ ಪೆಟ್ರೋಲ್ ಸುಮಾರು 30 ಕೆ.ಜಿ., ಅಡ್ಡತಗಡು ಸೇರಿ ಟ್ಯಾಂಕ್ 20 ಕೆ.ಜಿ., ಸ್ಕಿಡ್ ಪ್ಲೇಟ್ ಎಂಟೊಂಬತ್ತು ಕೆ.ಜಿ. ಇಷ್ಟೂ ಗಾಡಿಯ ಹಿಂಭಾಗದಲ್ಲಿ ತೂಗುತ್ತದೆ.

ಸೋರಿಕೆ ನೋಡಲು ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಅನ್ನು ನೇರ ಹಚ್ಚುವ ಅಭ್ಯಾಸ ಕೆಲವು ಕಡೆ ಇದೆ. ಚದರ ಸೆಂ.ಮೀ.ಗೆ ಕೇವಲ 0.2 ಕೆ.ಜಿ. ಒತ್ತಡವಿದ್ದರೂ, 60 × 40 ಸೆಂ.ಮೀ. ತಗಡಿನ ಮೇಲೆ ಬೀಳುವ ಒಟ್ಟು ಭಾರ 480 ಕೆ.ಜಿ.! ಹೊಸ ಟ್ಯಾಂಕಿಗೆ ಸೈಕಲ್ ಪಂಪಿನಿಂದ ತುಸುವೇ ಗಾಳಿ ತುಂಬಿ, ಬೆಸುಗೆಯ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದರೆ ಸಾಕು. ಪೆಟ್ರೋಲ್ ಹಾಕುವ ಬಾಯಿಯಿಂದ ಚಾಸಿಗೆ ಅರ್ಥಿಂಗ್ ತಂತಿ ಎಳೆಸಿ. ಟ್ಯಾಂಕಿನ ಎತ್ತರ ಬದಲಾದರೆ ಹಳೆಯ ಗೇಜ್ ಸುಳ್ಳು ಹೇಳುತ್ತದೆ, ಐದೈದು ಲೀಟರ್ ಹಾಕುತ್ತಾ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಮಾರ್ಪಾಡು ಒಂದಕ್ಕೆ ₹5,000 ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ‘ಆರ್.ಸಿ.ಯಲ್ಲಿ ಟ್ಯಾಂಕಿನ ಗಾತ್ರ ಎಲ್ಲಿದೆ’ ಎಂದು ವಾದಿಸುವವರಿದ್ದಾರೆ. ಬೆಂಕಿ ಬಿದ್ದ ಗಾಡಿಯ ವಿಮೆ ಕೇಳಲು ಹೋದಾಗ ಆ ವಾದ ಎಷ್ಟು ನಿಲ್ಲುತ್ತದೆ ಎಂಬುದು ಅನುಮಾನ. ಆರ್.ಟಿ.ಒ. ಕಚೇರಿಗೆ ಮೊದಲೇ ಲಿಖಿತವಾಗಿ ಬರೆದು ಕೇಳಿ, ವಿಮಾ ಕಂಪನಿಗೂ ತಿಳಿಸಿ.

ಇಷ್ಟೆಲ್ಲ ಬರೆದ ಮೇಲೂ ನಮ್ಮ ಸಲಹೆ, ಈ ಟ್ಯಾಂಕ್ ನಿಮಗೆ ಬೇಕಿಲ್ಲ ಎಂಬುದೇ. ಚಿಂಚೋಳಿಗೆ ಹೋಗಿ ಬರಲು 40 ಲೀಟರ್ ಧಾರಾಳ. ಮನಾಲಿ–ಲೇಹ್ ದಾರಿಯಲ್ಲಿ, ತಾಂಡಿಯ ಬಂಕ್‌ನ ಬಳಿ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕ ಬಹುಕಾಲದಿಂದ ಹೆಸರಾಗಿದೆ. ಜಿಪ್ಸಿ ಲೀಟರ್‌ಗೆ ಹತ್ತು ಕಿ.ಮೀ. ಕೊಟ್ಟರೆ 40 ಲೀಟರ್ ಕಷ್ಟದಿಂದ ಮುಟ್ಟಿಸುತ್ತದೆ. ಏರಿನಲ್ಲಿ ಅಷ್ಟು ಕೊಡುವುದಿಲ್ಲ. ಆ ಕೊರತೆಗೆ 20 ಲೀಟರಿನ ಒಂದು ಒಳ್ಳೆಯ ಕಬ್ಬಿಣದ ಕ್ಯಾನ್ ಸಾಕು. ಅದನ್ನು ಗಾಡಿಯ ಹೊರಗೆ ಭದ್ರವಾಗಿ ಬಿಗಿಯಿರಿ, ತುಂಬಿಸುವಾಗ ನೆಲದ ಮೇಲಿಟ್ಟೇ ತುಂಬಿಸಿ.

ಪ್ರಶ್ನೆ: ಹಳೆಯ ಡೀಸೆಲ್ ಜೀಪಿನ ಟ್ಯಾಂಕನ್ನು ಕತ್ತರಿಸಿ, ನಡುವೆ ತಗಡು ಸೇರಿಸಿ ದೊಡ್ಡದು ಮಾಡಬಹುದೆಂದು ಮಿಸ್ತ್ರಿ ಹೇಳುತ್ತಾನೆ. ಡೀಸೆಲ್ ಬೇಗ ಹೊತ್ತುವುದಿಲ್ಲ, ಖಾಲಿ ಮಾಡಿದರೆ ಸಾಕು ಎನ್ನುತ್ತಾನೆ. ನಿಜವೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಸುಳ್ಳು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯಕಾರಿ, ಏಕೆಂದರೆ ಸಿಡಿಯುವುದು ಆವಿ ಮತ್ತು ಗಾಳಿಯ ಮಿಶ್ರಣ. ನಮ್ಮ ದೇಶದ ಮಾನದಂಡದಂತೆ ಡೀಸೆಲ್‌ನ ಆವಿ ಕಿಡಿ ತಾಗಿ ಹೊತ್ತುವ ಉಷ್ಣತೆಯ ಕನಿಷ್ಠ ಮಿತಿ 35 ಡಿಗ್ರಿ. ಯಾದಗಿರಿಯ ಬೇಸಿಗೆ 40 ದಾಟುತ್ತದೆ, ಗ್ಯಾಸ್ ಕಟರ್‌ನ ಜ್ವಾಲೆ ತಗಡನ್ನು ಇನ್ನೆಷ್ಟೋ ಪಟ್ಟು ಕಾಯಿಸುತ್ತದೆ. ತೊಳೆದ ಟ್ಯಾಂಕಿನ ಮಡಿಕೆಗಳಲ್ಲೂ ಡೀಸೆಲ್ ಉಳಿದಿರುತ್ತದೆ. ಹಬೆ ಹಾಯಿಸಿ ತೊಳೆದು, ಆರ್ಗಾನ್ ಅಥವಾ ಸಾರಜನಕ ತುಂಬಿ ಬೆಸೆಯುವ ಕ್ರಮ ಇದೆಯಾದರೂ ಅದು ರಸ್ತೆ ಬದಿಯ ಅಂಗಡಿಯ ಕೆಲಸವಲ್ಲ. ಹೊಸ ತಗಡಿನಲ್ಲಿ ಹೊಸದನ್ನೇ ಮಾಡಿಸಿ.

ಪ್ರಶ್ನೆ: ಬೊಲೆರೊದ 60 ಲೀಟರ್ ಟ್ಯಾಂಕನ್ನು ಹಾಗೆಯೇ ಬಿಟ್ಟು ಎರಡನೆಯದೊಂದನ್ನು ಸೇರಿಸಿದರೆ ಹೇಗೆ? ಒಂದು ವಾಲ್ವ್ ತಿರುಗಿಸಿ ಯಾವುದು ಬೇಕೋ ಅದರಿಂದ ಡೀಸೆಲ್ ಎಳೆಯಬಹುದಲ್ಲವೇ?
– ಓದುಗರೊಬ್ಬರು, ಬೀದರ್

ಉತ್ತರ: ಕಾಯ್ದೆಯ ಬಗ್ಗೆ ಮೇಲೆ ಹೇಳಿದ್ದು ನಿಮಗೂ ಅನ್ವಯಿಸುತ್ತದೆ. ವಾಲ್ವ್‌ನ ವಿಷಯದಲ್ಲಿ ಒಂದು ತೊಡಕಿದೆ. ಡೀಸೆಲ್ ಎಂಜಿನ್ ತಾನು ಎಳೆದುಕೊಂಡ ಡೀಸೆಲ್ ಅಷ್ಟನ್ನೂ ಉರಿಸುವುದಿಲ್ಲ. ಉಳಿದದ್ದು ಬಿಸಿಯಾಗಿ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ವಾಲ್ವ್ ಎಳೆಯುವ ಪೈಪನ್ನು ಮಾತ್ರ ಬದಲಿಸಿದರೆ, ಎರಡನೆಯ ಟ್ಯಾಂಕಿನಿಂದ ಎಳೆದ ಡೀಸೆಲ್ ಮೊದಲನೆಯದಕ್ಕೆ ಮರಳುತ್ತಾ ಅದು ಉಕ್ಕಿ ಹರಿಯುತ್ತದೆ, ಇತ್ತ ಎರಡನೆಯದು ಬೇಗ ಬರಿದಾಗಿ ಪೈಪಿನಲ್ಲಿ ಗಾಳಿ ಹಿಡಿಯುತ್ತದೆ. ಎಂಜಿನ್ನಿನ ಎರಡೂ ಪೈಪುಗಳನ್ನು ಮುಟ್ಟದೆ ಹಾಗೆಯೇ ಬಿಟ್ಟು, ಎರಡನೆಯ ಟ್ಯಾಂಕಿನಿಂದ ಮೊದಲನೆಯದಕ್ಕೆ ಸಣ್ಣ ವಿದ್ಯುತ್ ಪಂಪ್ ಮೂಲಕ, ನಡುವೆ ಫಿಲ್ಟರ್ ಇಟ್ಟು ಸಾಗಿಸುವುದು ಸರಳ. ಮುಖ್ಯ ಟ್ಯಾಂಕ್ ಅರ್ಧಕ್ಕಿಳಿದ ಮೇಲೆಯೇ ಆ ಪಂಪಿನ ಸ್ವಿಚ್ ಒತ್ತಿ, ಒತ್ತಿದ್ದು ಮರೆತುಹೋಗದಂತೆ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಕೆಂಪು ದೀಪ ಹಾಕಿಸಿಕೊಳ್ಳಿ.