ಓದುಗರ ಪ್ರಶ್ನೆ: ಪ್ರಬಂಧ ಬರೆಯುವುದೋ, ಪೋಸ್ಟ್ ಹಾಕುವುದೋ?

ಪ್ರಶ್ನೆ: ಮಾನ್ಯರೆ, ನಾನು ಮೈಸೂರಿನಲ್ಲಿ ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಮಂಡ್ಯ ಸೀಮೆಯ ಕೆರೆ ಶಾಸನಗಳು ನನ್ನ ವಿಷಯ. ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟ ತೆರೆದು ಕೂರುತ್ತೇನೆ, ಒಂದು ಶಾಸನದ ಪಾಠವನ್ನು ಬರೆದು ಮುಗಿಸುವಷ್ಟರಲ್ಲಿ ಕೈ ಮೊಬೈಲಿಗೆ ಹೋಗಿರುತ್ತದೆ. ನಮ್ಮ ಮನೆಯ ಗದ್ದೆ ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದೆ. ಹಾಗಾಗಿ ಕಾವೇರಿಯ ಸುದ್ದಿ ಬಂದರೆ ನನಗೆ ಸುಮ್ಮನಿರಲಾಗುವುದಿಲ್ಲ, ಎಕ್ಸ್‌ನಲ್ಲಿ ದಿನವೂ ಏನಾದರೂ ಬರೆಯುತ್ತೇನೆ. ಒಮ್ಮೆ ಆತುರದಲ್ಲಿ ‘ಐದು ಸಾವಿರ ಟಿಎಂಸಿ ನೀರು ಬಿಟ್ಟರು’ ಎಂದು ಬರೆದು ನಗೆಪಾಟಲಾದೆ, ರಾತ್ರಿಯಿಡೀ ಬೈಗುಳ ತಿಂದೆ. ಖಾತೆಯನ್ನು ಮುಚ್ಚಿಬಿಡು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಮುಚ್ಚಲೇ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮುಚ್ಚಬೇಡಿ. ಆದರೆ ನಿಮ್ಮ ಮಾರ್ಗದರ್ಶಕರ ಮಾತನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕಲೂ ಬೇಡಿ.

ಮೊದಲು ಆ ತಪ್ಪಿನ ವಿಚಾರಕ್ಕೆ ಬರೋಣ. ಕ್ಯೂಸೆಕ್ ಎನ್ನಬೇಕಾದಲ್ಲಿ ನೀವು ಟಿಎಂಸಿ ಎಂದಿರಿ. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ಘನ ಅಡಿ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರಿನ ಸಂಗ್ರಹ. ಒಂದು ಹರಿವಿನ ಅಳತೆ, ಇನ್ನೊಂದು ಪ್ರಮಾಣದ ಅಳತೆ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, 5,000 ಕ್ಯೂಸೆಕ್‌ನಂತೆ ಹಗಲೂ ರಾತ್ರಿಯೂ ನೀರು ಹರಿದರೆ ಒಂದು ದಿನಕ್ಕೆ ಅರ್ಧ ಟಿಎಂಸಿಯೂ ಆಗುವುದಿಲ್ಲ, ಹದಿನೈದು ದಿನಕ್ಕೆ ಸುಮಾರು ಆರೂವರೆ ಟಿಎಂಸಿಯಾಗುತ್ತದೆ. ಕೃಷ್ಣರಾಜಸಾಗರ 124.80 ಅಡಿಗೆ ತುಂಬಿದಾಗಲೂ ಅದರಲ್ಲಿರುವುದು ಐವತ್ತು ಟಿಎಂಸಿಗಿಂತ ತುಸು ಕಡಿಮೆ ನೀರು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿಕೊಂಡಿದ್ದರೆ ಆ ರಾತ್ರಿ ನೀವು ನೆಮ್ಮದಿಯಾಗಿ ಮಲಗಿರುತ್ತಿದ್ದಿರಿ. ಟೀವಿ ಚರ್ಚೆಗಳಲ್ಲಿ ನಿತ್ಯವೂ ಇವೆರಡನ್ನು ಕಲಸಿ ಮಾತನಾಡುವವರಿದ್ದಾರೆ, ಅವರನ್ನು ಯಾರೂ ಬೈಯುವುದಿಲ್ಲವೆಂಬುದು ಬೇರೆ ಮಾತು.

ಶಾಸನವನ್ನು ಓದುವಾಗ ನೀವು ಯಾರೋ ಬರೆದ ಸಾರಾಂಶವನ್ನು ನಂಬದೆ ಮೂಲ ಪಾಠಕ್ಕೇ ಹೋಗುತ್ತೀರಲ್ಲವೆ? ಸುದ್ದಿಯನ್ನೂ ಹಾಗೆಯೇ ಓದಬೇಕೆಂಬುದು ನನ್ನ ಮಾತು. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಕಾವೇರಿಯಲ್ಲಿ ಕರ್ನಾಟಕದ ಪಾಲನ್ನು ಕಾವೇರಿ ನ್ಯಾಯಮಂಡಳಿ ಕೊಟ್ಟಿದ್ದ 270 ಟಿಎಂಸಿಯಿಂದ 284.75ಕ್ಕೆ ಏರಿಸಿತು; ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ನೀರನ್ನು 177.25 ಟಿಎಂಸಿಗೆ ಇಳಿಸಿತು. ಮಳೆ ಕೈಕೊಟ್ಟ ವರ್ಷ ಆ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ಪ್ರತಿ ಬಾರಿಯ ತಕರಾರು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್‌ಗಳ ಗದ್ದಲದ ಹಿಂದೆ ಇದ್ದುದೂ ಅದೇ. ಈ ತೀರ್ಪನ್ನು ಒಮ್ಮೆ ತಾಳ್ಮೆಯಿಂದ ಓದಿದವರು ದಿನಕ್ಕೆ ಹತ್ತು ಪೋಸ್ಟ್ ಹಾಕುವುದಿಲ್ಲ. ಹಾಕುವ ಒಂದು ಪೋಸ್ಟನ್ನು ಹತ್ತು ಜನ ತೆಗೆದಿಟ್ಟುಕೊಳ್ಳುತ್ತಾರೆ.

ನಿಮ್ಮ ಮೈಸೂರಿನ ಪಕ್ಕದಲ್ಲೇ, ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನಿಮಗೆ ಗೊತ್ತೇ ಇರುತ್ತದೆ. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಹಾಕಿಸಿದ ಕಲ್ಲು ಅದು. ಆದರೂ ತಕ್ಕೋಲದ ಕಾಳಗದಲ್ಲಿ ಗಂಗರ ದೊರೆ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದ, ಆ ಹೊತ್ತಿನ ಅತಿ ದೊಡ್ಡ ಸುದ್ದಿಯೂ ಅದರಲ್ಲಿದೆ. ಊರಿನ ನಾಯಿಯಿಂದ ಹೊರಟು ರಾಜ್ಯದ ಯುದ್ಧವನ್ನು ಮುಟ್ಟಿದ ಬರಹ. ನಿಮ್ಮ ಕೈಯಲ್ಲಿಯೂ ಅಂತಹ ಸಾಮಗ್ರಿ ಇದೆ. ಕೆರೆಯ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟದ ಭೂಮಿ, ಕೆರೆ ಕಟ್ಟಿದವನಿಗೆ ಕೊಟ್ಟ ಕಟ್ಟುಗೊಡಗೆ, ತೂಬಿನ ಕಲ್ಲು ಎಂದು ವಾರಕ್ಕೊಂದು ವಿಷಯವನ್ನು ಒಂದು ಫೋಟೊ, ಶಾಸನದ ಒಂದು ಸಾಲಿನ ಜೊತೆ ಬರೆಯಿರಿ. ಕಾವೇರಿಯ ಬಗೆಗಿನ ನಿಮ್ಮ ಕಾಳಜಿಗೆ ಅದಕ್ಕಿಂತ ಗಟ್ಟಿಯಾದ ನೆಲೆ ಇನ್ನೊಂದಿಲ್ಲ. ಮುಂದೆ ಅದೇ ಬರಹ ಪ್ರಬಂಧದ ಒಂದು ಅಧ್ಯಾಯದ ಕರಡಾದರೆ ಮಾರ್ಗದರ್ಶಕರೂ ಗೊಣಗಲಾರರು.

ಮೊಬೈಲಿನ ಕಾಟಕ್ಕೆ ನನ್ನಲ್ಲಿ ಮಂತ್ರವಿಲ್ಲ. ನಾನು ಎಂ.ಎ. ಓದುವಾಗ ಹಾಸ್ಟೆಲಿಗೆ ಬರುತ್ತಿದ್ದ ಒಂದೇ ಪತ್ರಿಕೆಯನ್ನು ನಾಲ್ವರು ಹಾಳೆ ಹಂಚಿಕೊಂಡು ಓದುತ್ತಿದ್ದೆವು, ಕ್ರೀಡಾಪುಟ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಅದು ಸಂಯಮವಲ್ಲ, ಬಡತನ. ನೀವು ಮೊಬೈಲನ್ನು ಚೀಲದಲ್ಲಿಟ್ಟು ಚೀಲವನ್ನು ಗ್ರಂಥಾಲಯದ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ, ಒಂದು ಗಂಟೆಗೆ ಊಟಕ್ಕೆ ಬರುವಾಗ ತೆಗೆದುಕೊಳ್ಳಿ. ರಾತ್ರಿ ಹುಟ್ಟಿದ ಪೋಸ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಬೆಳಿಗ್ಗೆ ಹಾಕಿ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಎರಡು ವರ್ಷ ಹೆಚ್ಚು ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಇನ್ನೂ ಎರಡು ವರ್ಷದ ಸಡಿಲಿಕೆಯಿದೆ. ಬಹಳವೆನಿಸುತ್ತದೆ. ಆದರೆ ಕೆರೆಯಂಗಳಕ್ಕಿಳಿದು ತೂಬು ನೋಡಲು ನೀರು ಬತ್ತಿದ ಬೇಸಿಗೆಯೇ ಬೇಕು, ಅಂತಹ ಬೇಸಿಗೆ ವರ್ಷಕ್ಕೊಂದೇ. ಇನ್ನು, ಬೈಗುಳ ಬೆದರಿಕೆಯ ಮಟ್ಟಕ್ಕೆ ಹೋದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಪೊಲೀಸರಿಗೆ ದೂರು ಕೊಡಿ. ಉಳಿದವರನ್ನು ಬ್ಲಾಕ್ ಮಾಡಿ ಮಲಗಿ.

ಪ್ರಶ್ನೆ: ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ, ಕಾಲೇಜು ಅಧ್ಯಾಪಕ ಹುದ್ದೆಯ ಅರ್ಹತೆಗೆಂದು ನಡೆಯುವ ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ. ಒಂಬತ್ತು ಟೆಲಿಗ್ರಾಂ ಗುಂಪುಗಳಲ್ಲಿದ್ದೇನೆ. ದಿನವೂ ಪ್ರಚಲಿತ ವಿದ್ಯಮಾನಗಳ ಪಿಡಿಎಫ್‌ಗಳು ಬರುತ್ತವೆ, ಓದಿ ಮುಗಿಯುವುದಿಲ್ಲ.
– ಧಾರವಾಡದ ಓದುಗ

ಉತ್ತರ: ಮುಗಿಸಬೇಕಾಗಿಯೂ ಇಲ್ಲ. ನೆಟ್‌ನ ಮೊದಲ ಪತ್ರಿಕೆಯ ಪಠ್ಯಕ್ರಮದಲ್ಲಿ ಬೋಧನೆ, ಸಂಶೋಧನೆ, ತರ್ಕ, ದತ್ತಾಂಶ, ಪರಿಸರ, ಉನ್ನತ ಶಿಕ್ಷಣ ಮುಂತಾದ ಹತ್ತು ಘಟಕಗಳಿವೆ. ಪ್ರಚಲಿತ ವಿದ್ಯಮಾನಕ್ಕೆಂದೇ ಒಂದು ಘಟಕವಿಲ್ಲ. ಕೆಎಎಸ್‌ಗೆ ಓದುವ ಗೆಳೆಯನ ಪಿಡಿಎಫ್ ನಿಮ್ಮ ಗುಂಪಿಗೆ ಬಂದಿದೆ, ಅಷ್ಟೆ. ಮೊದಲ ಪತ್ರಿಕೆಯಲ್ಲಿ 50, ಎರಡನೆಯದರಲ್ಲಿ 100 ಪ್ರಶ್ನೆಗಳು, ಮೂರು ಗಂಟೆ ಸಮಯ, ತಪ್ಪಿಗೆ ಅಂಕ ಕಡಿತವಿಲ್ಲ. ಹಾಗಾಗಿ ನಿಮ್ಮ ವಿಷಯದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದೇ ಲಾಭ.

ಗುಂಪುಗಳ ಬಗ್ಗೆ ಒಂದು ಘಟನೆಯನ್ನು ನೆನಪಿಸುತ್ತೇನೆ. 2024ರ ಜೂನ್ 18ರಂದು ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದುಗೊಳಿಸಿದರು. ಟೆಲಿಗ್ರಾಂನಲ್ಲಿ ಓಡಾಡಿದ ಪ್ರಶ್ನೆಪತ್ರಿಕೆಯ ಸ್ಕ್ರೀನ್‌ಶಾಟ್, ಪರೀಕ್ಷೆಗೆ ಮೊದಲೇ ಸೋರಿಕೆಯಾದಂತೆ ಕಾಣಲೆಂದು ತಿದ್ದಿದ್ದಾಗಿತ್ತೆಂದು ಆಮೇಲೆ ಸಿಬಿಐ ತನಿಖೆಯಲ್ಲಿ ಕಂಡುಬಂತು. ಅಷ್ಟು ಹೊತ್ತಿಗೆ ಬಸ್ಸು ಹಿಡಿದು, ಲಾಡ್ಜಿನಲ್ಲಿ ತಂಗಿ ಪರೀಕ್ಷೆ ಬರೆದವರೆಲ್ಲ ಮತ್ತೊಮ್ಮೆ ಬರೆಯಲು ಸಿದ್ಧರಾಗಬೇಕಾಗಿತ್ತು. ‘ಸೋರಿಕೆಯಾದ ಪತ್ರಿಕೆ’ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಒಂಬತ್ತರಲ್ಲಿ ಏಳು ಗುಂಪುಗಳನ್ನು ಇವತ್ತೇ ಬಿಡಿ.

ಪ್ರಶ್ನೆ: ಮಗಳು ಸಂಶೋಧನೆ ಮಾಡುತ್ತಿದ್ದಾಳೆ. ಇಂಟರ್‌ನೆಟ್ಟಿನಲ್ಲಿ ಹೆಸರು ಹಾಕಿಕೊಳ್ಳಲೇಬೇಕು ಎನ್ನುತ್ತಾಳೆ. ನಮಗೆ ಭಯ.
– ಒಬ್ಬ ತಂದೆ, ತುಮಕೂರು ಜಿಲ್ಲೆ

ಉತ್ತರ: ಅವಳು ಹೇಳುವುದು ಸರಿ. ಪದವಿ ಬಂದ ಮೇಲೆ ಅವಳ ಪ್ರಬಂಧ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಪ್ರಬಂಧಗಳನ್ನು ಕೂಡಿಡುವ ಶೋಧಗಂಗಾ ಜಾಲತಾಣದಲ್ಲಿ ಎಲ್ಲರಿಗೂ ಓದಲು ಸಿಗುವಂತಹುದೇ. ಒಂದೇ ಹೆಸರಿನ ಹತ್ತು ಜನರಿರುವ ನಮ್ಮಲ್ಲಿ, ಯಾರ ಲೇಖನ ಯಾರದೆಂದು ಗುರುತಿಸಲು ಆರ್ಕಿಡ್ ಎಂಬ ಹದಿನಾರು ಅಂಕಿಗಳ ಸಂಖ್ಯೆಯಿದೆ. ಅದು ಉಚಿತ, ಮಾಡಿಸಿಕೊಳ್ಳಲಿ. ಹೆಸರು, ವಿಭಾಗ, ಲೇಖನಗಳು, ಇಮೇಲ್ ಇಷ್ಟಿದ್ದರೆ ಸಾಕು. ಹುಟ್ಟಿದ ದಿನ, ಫೋನ್ ಸಂಖ್ಯೆ, ಹಾಸ್ಟೆಲಿನ ವಿಳಾಸ ಬೇಡ. ಫೋಟೊ ಹಾಕಬೇಕೋ ಬೇಡವೋ ಎಂಬುದನ್ನು ನನ್ನನ್ನು ಕೇಳುವ ಬದಲು ಅವಳನ್ನೇ ಕೇಳಿ.