1600 ಮೀಟರ್ ಓಟದ ಟೈಮ್ ಇಳಿಯದಿದ್ದರೆ
ದಿನಾ 5 ಕಿ.ಮೀ. ಓಡಿದರೂ 1600 ಮೀಟರ್ 7 ನಿಮಿಷದಿಂದ ಕೆಳಗೆ ಬರುತ್ತಿಲ್ಲ ಅಂದಿದ್ದೀರಿ. ಬಹುಶಃ ದಿನಾ ಒಂದೇ ವೇಗದಲ್ಲಿ ಓಡುತ್ತಿರುವುದೇ ಕಾರಣ, ನಮ್ಮ ಗ್ರೌಂಡಿನ ಹುಡುಗರಲ್ಲೂ ಇದನ್ನೇ ನೋಡಿದ್ದೇನೆ. ದಮ್ಮು ಬೆಳೆಯುತ್ತದೆ, ಕಾಲು ಮಾತ್ರ ವೇಗಕ್ಕೆ ಒಗ್ಗುವುದಿಲ್ಲ.

ಪೊಲೀಸ್ ಕಾನ್‌ಸ್ಟೇಬಲ್ ಟೆಸ್ಟಿನಲ್ಲಿ ಗಂಡಸರಿಗೆ ಇರುವ 6 ನಿಮಿಷ 30 ಸೆಕೆಂಡಿನ ಮಿತಿ ಅಂದರೆ 400 ಮೀಟರಿನ ಸುತ್ತಿಗೆ ಸುಮಾರು 97 ಸೆಕೆಂಡ್. ವಾರಕ್ಕೆ ಎರಡು ದಿನ, ನಡುವೆ ಗ್ಯಾಪ್ ಕೊಟ್ಟು, ಇಂಟರ್ವಲ್ ಮಾಡಿ: ಹತ್ತು ನಿಮಿಷ ವಾರ್ಮಪ್, ಆಮೇಲೆ 95 ಸೆಕೆಂಡಿನಲ್ಲಿ ಒಂದು ಸುತ್ತು, ಎರಡು ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ಸುಲಭ ಅನಿಸಿದರೆ ಮೊದಲು ನಡಿಗೆ ಕಡಿಮೆ ಮಾಡಿ, ವೇಗ ಆಮೇಲೆ. ಮೂರು ದಿನ ನಿಧಾನದ ಓಟ ಇರಲೇಬೇಕು, ದಯವಿಟ್ಟು ಬಿಡಬೇಡಿ.

ಎಷ್ಟು ವಾರ ಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಬಳ್ಳಾರಿ ಬಿಸಿಲಲ್ವಾ, ಬೆಳಗ್ಗೆ ಆರರೊಳಗೆ ಶುರು ಮಾಡಿ. ಮೊಣಕಾಲ ಕೆಳಗಿನ ಎಲುಬು ನೋಯುತ್ತಿದ್ದರೆ ಇಂಟರ್ವಲ್ ನಿಲ್ಲಿಸಿ, ನೋವು ಪೂರ್ತಿ ಹೋದ ಮೇಲೆಯೇ ಮತ್ತೆ ಹಿಡಿಯಿರಿ.